ನ್ಯೂಯಾರ್ಕಿನ ಮೇಯರೂ ಭದ್ರಾವತಿಯ ಕುಲುಮೆಯೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಅತಿ ದೊಡ್ಡ ನಗರವಾದ ನ್ಯೂಯಾರ್ಕಿನ ಜನರು 2025ರ ನವೆಂಬರ್ 4ರಂದು ಶ್ರೀ ಜೊಹ್ರಾನ್ ಮಮ್ದಾನಿ ಎಂಬ ತರುಣರನ್ನು ತಮ್ಮ ಮೇಯರನ್ನಾಗಿ ಆರಿಸಿದರು. 2026ರ ಜನವರಿ 1ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಈ ಮನುಷ್ಯ ತಾನು ಸಮಾಜವಾದಿ ಎಂಬುದನ್ನು ಬಚ್ಚಿಟ್ಟುಕೊಂಡು ಮತ ಕೇಳಿದವರಲ್ಲ. ಅದನ್ನು ಹೇಳಿಯೇ ಗೆದ್ದವರು. ಬಾಡಿಗೆ ಏರದಂತೆ ತಡೆಯುವುದು, ನಗರದ ಬಸ್ಸುಗಳಲ್ಲಿ ಟಿಕೆಟು ತೆಗೆಯುವುದು, ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಭಾರವನ್ನು ಸರಕಾರವೇ ಹೊರುವುದು, ನಗರಸಭೆಯೇ ದಿನಸಿ ಅಂಗಡಿ ತೆರೆಯುವುದು, ಇವು ಅವರು ಮನೆ ಮನೆಗೆ ಹೋಗಿ ಹೇಳಿದ ಮಾತುಗಳು. ಷೇರು ಪೇಟೆಯ ರಾಜಧಾನಿಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಇದಕ್ಕೆ ಮತ ಕೊಟ್ಟರು.

ಸುದ್ದಿ ಶಿವಮೊಗ್ಗದ ಬಸ್ ನಿಲ್ದಾಣದ ಹೋಟೆಲುಗಳನ್ನೂ ಮುಟ್ಟಿತು. ಅಮೆರಿಕ ಕೆಂಪಾಯಿತು ಎಂದು ಕೆಲವರು ಹಿಗ್ಗಿದರು. ಅಲ್ಲೂ ಬಿಟ್ಟಿ ಭಾಗ್ಯ ಶುರುವಾಯಿತು ಎಂದು ಇನ್ನು ಕೆಲವರು ನಕ್ಕರು. ಎರಡೂ ಅವಸರದ ಮಾತು. ಆ ದೇಶದಲ್ಲಿ ನಿಜವಾಗಿ ಬದಲಾದದ್ದೇನು, ಅದು ನಮ್ಮ ಜಿಲ್ಲೆಗೆ ಏನು ಹೇಳುತ್ತದೆ ಎಂಬುದನ್ನು ಸಾವಧಾನವಾಗಿ ನೋಡಬೇಕು.

ಸಮಾಜವಾದ ಅಮೆರಿಕಕ್ಕೆ ಹೊಸದಲ್ಲ. ರೈಲ್ವೆ ಕಾರ್ಮಿಕರ ಮುಖಂಡ ಯೂಜಿನ್ ಡೆಬ್ಸ್ 1912ರ ಅಧ್ಯಕ್ಷ ಚುನಾವಣೆಯಲ್ಲಿ ಸುಮಾರು 9 ಲಕ್ಷ ಮತ, ಅಂದರೆ ನೂರಕ್ಕೆ ಆರರಷ್ಟು ಪಡೆದರು. ಯುದ್ಧದ ವಿರುದ್ಧ ಮಾತಾಡಿದ್ದಕ್ಕಾಗಿ ಸೆರೆಮನೆ ಸೇರಿ, 1920ರಲ್ಲಿ ಅಲ್ಲಿಂದಲೇ ನಿಂತು ಮತ್ತೆ 9 ಲಕ್ಷಕ್ಕಿಂತ ಹೆಚ್ಚು ಮತ ಗಳಿಸಿದರು. ಮಿಲ್ವಾಕೀ ಎಂಬ ಕೈಗಾರಿಕಾ ಪಟ್ಟಣವನ್ನು 1910ರಿಂದ 1960ರ ನಡುವೆ ಮೂವರು ಸಮಾಜವಾದಿ ಮೇಯರುಗಳು ಆಳಿದರು. ಅವರಲ್ಲಿ ಡೇನಿಯಲ್ ಹೋನ್ ಎಂಬವರೊಬ್ಬರೇ 24 ವರ್ಷ ಆ ಪೀಠದಲ್ಲಿದ್ದರು. ಚರಂಡಿ, ಕುಡಿಯುವ ನೀರು, ಉದ್ಯಾನ, ಲಂಚವಿಲ್ಲದ ಕಚೇರಿ, ಇವೇ ಅವರ ಕ್ರಾಂತಿ.

ಎರಡನೆಯ ಮಹಾಯುದ್ಧದ ಬಳಿಕ ಈ ಹೆಸರಿಗೆ ಗ್ರಹಣ ಹಿಡಿಯಿತು. ರಷ್ಯದ ಭಯವನ್ನು ತೋರಿಸಿ ಸೆನೆಟರ್ ಮೆಕಾರ್ಥಿಯಂಥವರು ಮೇಷ್ಟ್ರು, ನಟ, ಗುಮಾಸ್ತ ಎನ್ನದೆ ಎಲ್ಲರ ಬೆನ್ನು ಹತ್ತಿದರು. ಸಮಾಜವಾದಿ ಎಂದರೆ ದೇಶದ್ರೋಹಿ ಎಂದಾಯಿತು. 1952ರಲ್ಲಿ ಅಧ್ಯಕ್ಷ ಟ್ರೂಮನ್ ಒಂದು ಭಾಷಣದಲ್ಲಿ, ಜನರು ಗಳಿಸಿಕೊಂಡ ಪ್ರತಿಯೊಂದು ಸೌಕರ್ಯವನ್ನೂ ವಿರೋಧಿಗಳು ಸಮಾಜವಾದವೆಂದು ಹೆದರಿಸಿಯೇ ಎದುರಿಸಿದ್ದಾರೆ ಎಂದು ಗೇಲಿ ಮಾಡಿದ್ದರು. ಅವರು ಸಮಾಜವಾದಿಯಾಗಿರಲಿಲ್ಲ, ಆದರೆ ಹೇಳಿದ್ದು ಸತ್ಯ. 1961ರಲ್ಲಿ, ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಸರಕಾರಿ ವೈದ್ಯಕೀಯ ವಿಮೆಯ ವಿರುದ್ಧ ಗ್ರಾಮಫೋನ್ ತಟ್ಟೆಯಲ್ಲಿ ಭಾಷಣ ಮುದ್ರಿಸಿ ಹಂಚಿದರು. ಆ ವಿಮೆ 1965ರಲ್ಲಿ ವೃದ್ಧರಿಗೆಂದು ಜಾರಿಗೆ ಬಂತು. ಅದನ್ನು ಕಿತ್ತುಹಾಕುತ್ತೇನೆಂದು ಹೇಳಿ ಅಲ್ಲಿ ಚುನಾವಣೆ ಗೆಲ್ಲುವುದು ಇಂದಿಗೂ ಕಷ್ಟ. ವಸ್ತು ಬೇಕು, ಹೆಸರು ಬೇಡ: ಅರ್ಧ ಶತಮಾನ ಅಮೆರಿಕದ ಸ್ಥಿತಿ ಇದೇ ಆಗಿತ್ತು.

ಈಗ ಹೆಸರಿನ ಭಯ ಕಳೆದದ್ದು ಹೇಗೆ? ಪುಸ್ತಕ ಓದಿ ಯಾರೂ ಸಮಾಜವಾದಿಗಳಾಗಲಿಲ್ಲ. 2008ರಲ್ಲಿ ಅಲ್ಲಿನ ಬ್ಯಾಂಕುಗಳು ಕುಸಿದಾಗ ಸರಕಾರ ಸಾರ್ವಜನಿಕರ ಹಣದಿಂದ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಿತು. ಸಾಲ ಕಟ್ಟಲಾಗದ ಲಕ್ಷಾಂತರ ಜನರು ಮನೆ ಕಳೆದುಕೊಂಡರು. ನಷ್ಟ ಎಲ್ಲರದು, ಲಾಭ ಕೆಲವರದು ಎಂಬ ಪಾಠವನ್ನು ಬಂಡವಾಳಶಾಹಿಯೇ ಕಲಿಸಿಕೊಟ್ಟಿತು. ಕಾಲೇಜಿನ ಸಾಲ ಹೊತ್ತು ಹೊರಬಿದ್ದ ಹುಡುಗರಿಗೆ, ಸಂಬಳದ ದೊಡ್ಡ ಪಾಲನ್ನು ಬಾಡಿಗೆಗೆ ಸುರಿಯುವ ಗೃಹಸ್ಥರಿಗೆ, ಆಸ್ಪತ್ರೆಯ ಬಿಲ್ಲಿಗೆ ಹೆದರಿ ಕಾಯಿಲೆ ಮುಚ್ಚಿಡುವವರಿಗೆ ರಷ್ಯದ ಗುಮ್ಮ ಕಾಣಿಸುವುದಿಲ್ಲ. ಸೋವಿಯತ್ ಒಕ್ಕೂಟ ಅಳಿದ 1991ರ ಆಚೆಗೆ ಹುಟ್ಟಿದವರಿಗಂತೂ ಅದು ಪಾಠಪುಸ್ತಕದ ಸಂಗತಿ. 2016ರಲ್ಲಿ ಬರ್ನಿ ಸ್ಯಾಂಡರ್ಸ್ ಎಂಬ ವೃದ್ಧರು ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಗೆ ಇದೇ ಹೆಸರು ಹೇಳಿ ನಿಂತು ಒಂದು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ಮತ ಗಳಿಸಿದರು.

ಆದರೆ ಲೆಕ್ಕವನ್ನು ಉಬ್ಬಿಸುವುದು ನಮ್ಮ ಕೆಲಸವಲ್ಲ. ಗ್ಯಾಲಪ್ ಸಂಸ್ಥೆಯ ಎಣಿಕೆಯಂತೆ ಸಮಾಜವಾದದ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದ ಅಮೆರಿಕನ್ನರು 2010ರಲ್ಲಿ ನೂರಕ್ಕೆ 36 ಮಂದಿ, 2025ರಲ್ಲಿ 39. ಹದಿನೈದು ವರ್ಷಗಳಲ್ಲಿ ಮೂರೇ ಮೂರು. ಇದನ್ನು ಮಹಾಪ್ರವಾಹವೆನ್ನಲು ಬರುವುದಿಲ್ಲ. ಬದಲಾವಣೆ ಬೇರೆಡೆ ಇದೆ. ಬಂಡವಾಳಶಾಹಿಯನ್ನು ಮೆಚ್ಚುವವರು 54ಕ್ಕೆ ಇಳಿದಿದ್ದಾರೆ. ಡೆಮಾಕ್ರಟಿಕ್ ಪಕ್ಷದವರಲ್ಲಿ ಸಮಾಜವಾದವನ್ನು ಒಪ್ಪುವವರು 66, ಬಂಡವಾಳಶಾಹಿಯನ್ನು ಒಪ್ಪುವವರು 42. ದೇಶ ತಿರುಗಿಲ್ಲ, ದೇಶದ ಒಂದು ಪಾಲು ತಿರುಗಿದೆ. ಆ ಪಾಲಿಗೆ ಈಗ ಹೇಳಿಕೊಳ್ಳಲು ಒಂದು ಹೆಸರಿದೆ, ಬಾಗಿಲು ತಟ್ಟುವ ಕಾರ್ಯಕರ್ತರಿದ್ದಾರೆ.

ನಮ್ಮ ಜಿಲ್ಲೆಯ ಕಥೆ ಇದಕ್ಕೆ ತಿರುಗುಮುರುಗು.

ಅಮೆರಿಕದಲ್ಲಿ ಈ ಹೆಸರನ್ನು ಹೇಳಿದವರು ಕೆಲಸ ಕಳೆದುಕೊಳ್ಳುತ್ತಿದ್ದ ದಿನಗಳಲ್ಲಿ ಮಲೆನಾಡಿನ ಗೇಣಿದಾರ ಅದನ್ನು ಹೇಳಿಕೊಂಡೇ ಜೈಲಿಗೆ ಹೋದ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಶ್ರೀ ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ಜಗಳ ಮೊದಲಾದದ್ದು ಕೊಳಗದ ಮೇಲೆ: ಧಣಿಗಳು ಗೇಣಿ ಅಳೆಯುವ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನಿನಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದರು, ಸಾಗರದಲ್ಲಿ ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರದ ಜನ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಕೈಯಲ್ಲಿ ಕಾಸಿಲ್ಲದ, ಮೂವತ್ತು ತುಂಬದ ಯುವಕ!

ಸಾಗರದಲ್ಲಿ ಬಂಧನವಾದ ಅದೇ ವರ್ಷ ಲೋಹಿಯಾ ಅಮೆರಿಕವನ್ನು ಸುತ್ತಿ, ಅನ್ಯಾಯದ ಕಾನೂನನ್ನು ಶಾಂತಿಯಿಂದ ಮುರಿಯುವ ದಾರಿಯನ್ನು ಅಲ್ಲಿನ ಕಪ್ಪು ಜನರ ಮುಂದಿಟ್ಟರೆಂಬುದು ಇಂದಿನ ತರುಣರಿಗೆ ಗೊತ್ತಿರಲಾರದು. 1964ರಲ್ಲಿ ಮತ್ತೆ ಹೋದಾಗ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಿಳಿಯರ ಊಟದ ಮನೆಯೊಂದಕ್ಕೆ ಪಂಚೆಯುಟ್ಟು ಪ್ರವೇಶಿಸಲು ಹೋಗಿ ಅಲ್ಲೂ ಬಂಧನಕ್ಕೊಳಗಾದರು. ಸಾಗರದ ಧಣಿಗೂ ಜಾಕ್ಸನ್ನಿನ ಹೋಟೆಲಿನವನಿಗೂ ಒಂದೇ ಮಾತನ್ನು ಹೇಳಿದ ಮನುಷ್ಯ.

ಇಲ್ಲಿ ಆ ಹೆಸರಿಗೆ ಎಷ್ಟು ಬೆಲೆಯಿತ್ತೆಂದರೆ 1967ರಲ್ಲಿ ಶಿವಮೊಗ್ಗದಿಂದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಗೆ ಹೋಗಿ ಕನ್ನಡದಲ್ಲೇ ಮಾತನಾಡಿದರು. ಸೊರಬದಿಂದ ಬಂಗಾರಪ್ಪನವರು ವಿಧಾನಸಭೆ ಮುಟ್ಟಿದರು. 1972ರ ಜೂನಿನಲ್ಲಿ ಗೋಪಾಲಗೌಡರು ತೀರಿಕೊಂಡರು. ಎರಡು ವರ್ಷಕ್ಕೆ, 1974ರ ಮಾರ್ಚಿನಲ್ಲಿ, ದೇವರಾಜ ಅರಸರ ಸರಕಾರ ಭೂಸುಧಾರಣಾ ತಿದ್ದುಪಡಿಯನ್ನು ಜಾರಿಗೆ ತಂದಿತು. ಉಳುವವನೇ ಹೊಲದೊಡೆಯ ಎಂಬ ಕೂಗು ಕಾನೂನಾಯಿತು. ಅದಕ್ಕಾಗಿ ಲಾಠಿ ತಿಂದವರು ಸಮಾಜವಾದಿಗಳು, ರುಜು ಹಾಕಿದ್ದು ಕಾಂಗ್ರೆಸ್ ಸರಕಾರ. ಇದರಲ್ಲಿ ಹೊಟ್ಟೆಕಿಚ್ಚು ಪಡಬೇಕಾದ್ದೇನೂ ಇಲ್ಲ.

ಆದರೆ ಬೇಡಿಕೆ ಗೆದ್ದ ಕೂಡಲೇ ಹೆಸರು ಸೊರಗತೊಡಗಿತು. ಗೇಣಿದಾರ ಒಡೆಯನಾದ, ಒಡೆಯನಾದವನಿಗೆ ಅಡಿಕೆಯ ಧಾರಣೆಯೇ ರಾಜಕೀಯವಾಯಿತು. ಅವನ ತೋಟದಲ್ಲಿ ಕೂಲಿಗೆ ಬರುವವಳಿಗೆ ಗೇಣಿಯೂ ಇರಲಿಲ್ಲ, ಹಾಗಾಗಿ ಭೂಮಿಯೂ ಬರಲಿಲ್ಲ. ಅವಳ ಪರವಾಗಿ ಎರಡನೆಯ ಕಾಗೋಡು ಎದ್ದೇಳಲಿಲ್ಲ. ಪಕ್ಷವಂತೂ ಒಡೆದು, ಕೂಡಿ, ಮತ್ತೆ ಒಡೆದು ಹಂಚಿಹೋಯಿತು. ನಾಯಕರು ಕಾಂಗ್ರೆಸ್ಸಿಗೆ ಹೋದರು, ಜನತಾ ಪಕ್ಷಕ್ಕೆ ಹೋದರು. ಬಂಗಾರಪ್ಪನವರೂ ಪಟೇಲರೂ ಮುಖ್ಯಮಂತ್ರಿಗಳಾದರು. 2004ರಲ್ಲಿ ಬಂಗಾರಪ್ಪನವರು ಭಾರತೀಯ ಜನತಾ ಪಕ್ಷದಿಂದ ಲೋಕಸಭೆಗೆ ಗೆದ್ದು, ಮರುವರ್ಷವೇ ಸಮಾಜವಾದಿ ಪಕ್ಷದ ಚಿಹ್ನೆಯಲ್ಲಿ ಮತ್ತೊಮ್ಮೆ ಗೆದ್ದರು. ಮತ ಹಾಕಿದವನಿಗೆ ಆ ಪದದಲ್ಲಿ ಇನ್ನು ಯಾವ ಅರ್ಥ ಉಳಿದೀತು? ಗೋಪಾಲಗೌಡರ ಹೆಸರು ಈಗ ಶಿವಮೊಗ್ಗದ ಒಂದು ಬಡಾವಣೆಗಿದೆ. ಅಲ್ಲಿ ಒಂದು ನಿವೇಶನ ಕೊಳ್ಳುವುದು ಕೂಲಿಕಾರನ ಕನಸಿನಲ್ಲೂ ಆಗದ ಮಾತು.

2020ರಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು ಭೂಸುಧಾರಣಾ ಕಾಯಿದೆಯನ್ನು ಸಡಿಲಿಸಿದ ಸರಕಾರದ ಮುಖ್ಯಮಂತ್ರಿ ಇದೇ ಜಿಲ್ಲೆಯ ಶಿಕಾರಿಪುರದ ಶಾಸಕರು. ಕಾಗೋಡಿನ ಜಿಲ್ಲೆ ಅದನ್ನೂ ನುಂಗಿಕೊಂಡಿತು.

ಇನ್ನು ಭದ್ರಾವತಿ. ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿದ್ದು ಸಮಾಜವಾದಿಗಳಲ್ಲ. ಒಬ್ಬ ಮಹಾರಾಜರು, ಒಬ್ಬ ದಿವಾನರು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಎಂಬ ಎಂಜಿನಿಯರ್ ಸಂಸ್ಥೆಯ ಸಲಹೆ ಪಡೆದು, ಮಲೆನಾಡಿನ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು, ಭದ್ರಾ ಹೊಳೆಯ ನೀರು ಸೇರಿಸಿ 1923ರಲ್ಲಿ ಕುಲುಮೆ ಹೊತ್ತಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಸಮಾಜವಾದದ ಗಂಧವೂ ಇರಲಿಲ್ಲ. ಆದರೂ ಖಾಸಗಿಯವರು ಹೂಡಲಾರದ್ದನ್ನು ಸಂಸ್ಥಾನವೇ ಹೂಡಬೇಕೆಂಬ ಧೈರ್ಯವಿತ್ತು. ಆ ಧೈರ್ಯದಿಂದ ಒಂದು ಊರೇ ಹುಟ್ಟಿತು: ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಆಟದ ಮೈದಾನ. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಸ್ವಂತ ಅದಿರಿಲ್ಲದ ಉಕ್ಕಿನ ಕಾರ್ಖಾನೆಯಾಯಿತು, ಹೊಲವಿಲ್ಲದ ರೈತನಂತೆ. ಪಕ್ಕದ ಕಾಗದದ ಕಾರ್ಖಾನೆ ಕಳೆದ ದಶಕದ ನಡುವೆ ನಿಂತೇಹೋಯಿತು.

2023ರ ಜನವರಿಯಲ್ಲಿ ಪ್ರಾಧಿಕಾರದ ಆಡಳಿತ ಮಂಡಳಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು ತೀರ್ಮಾನಿಸಿತು. ಮರುತಿಂಗಳು ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ ಬಹಳ ವೈಭವದಿಂದ ನಡೆಯಿತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಬಾಗಿಲ ಮುಂದೆ ಧರಣಿ ಕುಳಿತರು, ತಿಂಗಳುಗಟ್ಟಲೆ ಕುಳಿತರು. ಎಲ್ಲ ಪಕ್ಷಗಳವರೂ ಬಂದು ಹೋದರು, ಮಠಾಧಿಪತಿಗಳು ಬಂದರು, ಊರಿನ ಅಂಗಡಿಗಳು ಬಂದ್ ಆದವು. 2024ರಲ್ಲಿ ಹೊಸ ಉಕ್ಕು ಸಚಿವರು ಖುದ್ದು ಬಂದು ಪುನಶ್ಚೇತನದ ಮಾತಾಡಿದರು. ಈ ಗದ್ದಲದಲ್ಲಿ ಕೇಳಿಬಂದ ಘೋಷಣೆಗಳು ಹೆಚ್ಚಾಗಿ ಎರಡು: ವಿಶ್ವೇಶ್ವರಯ್ಯನವರ ಕನಸನ್ನು ಉಳಿಸಿ, ನಮ್ಮೂರಿನ ಹೆಮ್ಮೆಯನ್ನು ಉಳಿಸಿ.

ಕೇಳಿದ್ದು ಏನು? ಸರಕಾರವೇ ಕಾರ್ಖಾನೆ ನಡೆಸಲಿ, ಲಾಭವೊಂದನ್ನೇ ನೋಡಿ ಊರನ್ನು ಬಿಡಬೇಡಿ ಎಂದು. ನ್ಯೂಯಾರ್ಕಿನಲ್ಲಿ ಇದಕ್ಕೆ ಸಮಾಜವಾದ ಎನ್ನುತ್ತಾರೆ. ಭದ್ರಾವತಿಯಲ್ಲಿ ಅದನ್ನು ಸ್ಮಾರಕ ಸಂರಕ್ಷಣೆಯಂತೆ ಬೇಡಿಕೊಂಡೆವು. ಹೆಸರಿನಲ್ಲೇನಿದೆ ಎನ್ನಬಹುದು. ವ್ಯತ್ಯಾಸವಿದೆ. ಹೆಮ್ಮೆಯ ಮಾತಿಗೆ ದೆಹಲಿಯ ಅಧಿಕಾರಿ ನಷ್ಟದ ಪಟ್ಟಿಯನ್ನು ಮುಂದಿಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಅದಿರಿನ ಗಣಿ ಕೊಡದೆ, ಹೊಸ ಬಂಡವಾಳ ಹಾಕದೆ ನಷ್ಟ ಮಾಡಿಸಿದವರು ಯಾರು, ಖಾಯಂ ನೌಕರಿಯನ್ನು ಗುತ್ತಿಗೆಗೆ ಇಳಿಸಿ ಉಳಿಸಿದ ಹಣ ಎಲ್ಲಿ ಹೋಯಿತು, ಮುಚ್ಚುವ ತೀರ್ಮಾನದಲ್ಲಿ ಕಾರ್ಮಿಕನಿಗೆ ಒಂದು ಮತವಾದರೂ ಏಕಿಲ್ಲ ಎಂದು ಕೇಳಲು ಹೆಮ್ಮೆ ಸಾಲದು. ಹಾಗೆ ಕೇಳುವ ಅಭ್ಯಾಸವನ್ನು ಈ ಜಿಲ್ಲೆಗೆ ಕಲಿಸಿದ್ದು ಕೊಳಗದ ಅಳತೆಯನ್ನು ಪ್ರಶ್ನಿಸಿದ ಚಳವಳಿ.

ಬಸ್ಸಿನ ವಿಷಯವನ್ನೂ ನೋಡಿ. ನ್ಯೂಯಾರ್ಕಿನವರು ಮತ ಹಾಕಿ ಕೇಳಿದ ಪುಕ್ಕಟೆ ಬಸ್ಸು ಕರ್ನಾಟಕದ ಹೆಂಗಸರಿಗೆ 2023ರ ಜೂನ್ 11ರಂದೇ ಸಿಕ್ಕಿತು. ಭದ್ರಾವತಿಯಿಂದ ಶಿವಮೊಗ್ಗದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಬರುವ ಹೆಣ್ಣುಮಗಳ ಕೈಯಲ್ಲಿ ಆ ಚಾರ್ಜು ಉಳಿಯುತ್ತದೆ. ಅಲ್ಲಿ ಅದು ಹಕ್ಕಿನ ಬೇಡಿಕೆ, ಇಲ್ಲಿ ಅದರ ಹೆಸರು ಗ್ಯಾರಂಟಿ. ಕೊಟ್ಟವರ ಫೋಟೋದೊಂದಿಗೆ ಬಂದದ್ದು, ನಾಳೆ ಇನ್ನೊಬ್ಬರು ಬಂದರೆ ಉಳಿದೀತೋ ಇಲ್ಲವೋ. ಸಂಘ ಕಟ್ಟಿ ಗಳಿಸಿದ್ದಾಗಿದ್ದರೆ ಆ ಹೆಣ್ಣುಮಗಳು ಬಿಟ್ಟಿ ಎಂಬ ಚುಚ್ಚುಮಾತಿಗೆ ತಲೆ ತಗ್ಗಿಸಬೇಕಾಗಿರಲಿಲ್ಲ.

ಕಾಗದದ ಮೇಲೆ ಮಾತ್ರ ನಮ್ಮ ದೇಶ ಅಮೆರಿಕಕ್ಕಿಂತ ಬಹಳ ಮುಂದಿದೆ. 1976ರಿಂದ ಸಂವಿಧಾನದ ಪೀಠಿಕೆಯಲ್ಲಿ ಸಮಾಜವಾದಿ ಎಂಬ ಪದವಿದೆ. ಅದನ್ನು ತೆಗೆಯಬೇಕೆಂಬ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ತಳ್ಳಿಹಾಕಿತು. 1989ರಿಂದ ಯಾವ ಪಕ್ಷವೂ ಸಮಾಜವಾದಕ್ಕೆ ನಿಷ್ಠೆಯನ್ನು ಬರೆದುಕೊಡದೆ ಚುನಾವಣಾ ಆಯೋಗದಲ್ಲಿ ನೋಂದಣಿಯಾಗುವಂತಿಲ್ಲ. ಕಾರ್ಖಾನೆ ಮುಚ್ಚುವವರೂ ಬರೆದುಕೊಟ್ಟಿದ್ದಾರೆ.

ನ್ಯೂಯಾರ್ಕಿನ ಮೇಯರ್ ಏನು ಸಾಧಿಸುವರೋ ಕಾದು ನೋಡಬೇಕು. ಸಾಹುಕಾರರ ವರಮಾನದ ಮೇಲೆ ತೆರಿಗೆ ಏರಿಸುವ ಅಧಿಕಾರ ನಗರಕ್ಕಿಲ್ಲ, ಅದು ಆಲ್ಬನಿಯಲ್ಲಿರುವ ರಾಜ್ಯ ಸರಕಾರದ ಕೈಯಲ್ಲಿದೆ. ಭದ್ರಾವತಿಯ ಬೀಗದ ಕೈ ದೆಹಲಿಯಲ್ಲಿದೆ. ಗುತ್ತಿಗೆ ಕಾರ್ಮಿಕರು ಮುಂದಿನ ಸಲ ಸಚಿವರಿಗೆ ಹಾರ ಹಾಕುವ ಮೊದಲು ಉಕ್ಕು ಪ್ರಾಧಿಕಾರ 1989ರಿಂದ ಈಚೆಗೆ ಈ ಕಾರ್ಖಾನೆಗೆ ಹಾಕಿದ್ದೆಷ್ಟು, ಇಲ್ಲಿಂದ ತೆಗೆದದ್ದೆಷ್ಟು ಎಂಬ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸುವಂತೆ ಕೇಳಲಿ.