ಮುಳ್ಳಿಲ್ಲದ ಕಳ್ಳಿ ಬರಲಿ, ಗೋಮಾಳಕ್ಕೆ ಮಾತ್ರ ಬೇಡ

ಹೋದ ಬೇಸಿಗೆಯಲ್ಲಿ ನಮ್ಮ ಕಡೆಯ ಒಂದು ಗ್ರಾಮಸಭೆಗೆ ವರದಿ ಮಾಡಲು ಹೋಗಿದ್ದೆ. ಗೋಮಾಳದಲ್ಲಿ ಮುಳ್ಳಿಲ್ಲದ ಕಳ್ಳಿ ನೆಟ್ಟರೆ ಬರಗಾಲದಲ್ಲಿ ಮೇವಿನ ಚಿಂತೆ ಇರುವುದಿಲ್ಲ ಎಂಬ ಮಾತು ಬಂತು. ‘ನೀರು ಬೇಡ, ಗೊಬ್ಬರ ಬೇಡ, ನೆಟ್ಟು ಬಿಟ್ಟರೆ ಸಾಕು’ ಎಂದರು ಒಬ್ಬರು. ಹಿಂದೆ ಕೂತಿದ್ದ ಕುರಿ ಕಾಯುವ ಅಜ್ಜ ಎದ್ದು, ‘ಮುಳ್ಳು ಇಲ್ಲ ಅಂದ್ಮೇಲೆ ಅದನ್ನ ಕಾಯೋರು ಯಾರಪ್ಪ?’ ಅಂದರು. ಎಲ್ಲರೂ ನಕ್ಕರು. ಮಾತು ಬೇರೆ ಕಡೆ ಹೋಯಿತು.

ಆ ಪ್ರಶ್ನೆಯನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ಬರೆಯಬೇಕಿತ್ತು. ಆಮೇಲೆ ಓದಿ ನೋಡಿದಾಗ ಗೊತ್ತಾಯಿತು, ಅವತ್ತು ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅಜ್ಜ ಒಬ್ಬರೇ.

ಇದು ಒಂದೂರಿನ ವಿಷಯವಲ್ಲ. 2022ರಿಂದ ಕೇಂದ್ರದ ಭೂ ಸಂಪನ್ಮೂಲ ಇಲಾಖೆ ಜಲಾನಯನ ಯೋಜನೆಯಡಿ ಒಣಭೂಮಿಯಲ್ಲಿ ಕಳ್ಳಿ ಬೆಳೆಸಲು ಒತ್ತು ಕೊಡುತ್ತಿದೆ. ನಿಮ್ಮ ಪಂಚಾಯಿತಿಗೂ ಈ ಮಾತು ಬರಬಹುದು. ಅದಕ್ಕೇ ಈ ಗಿಡದ ಹುಟ್ಟುಗುಣ ತಿಳಿದಿರಲಿ.

ನಾವು ಕಳ್ಳಿ ಎಂದು ಕರೆಯುವುದೆಲ್ಲ ಒಂದೇ ಜಾತಿಯಲ್ಲ. ಮುರಿದರೆ ಹಾಲು ಸುರಿಯುವ ಬೇಲಿಯ ಕಡ್ಡಿಕಳ್ಳಿ ಔಡಲ ಗಿಡದ ಬಂಧು. ಪಾಪಾಸುಕಳ್ಳಿಯದು ಬೇರೆಯೇ ವಂಶ. ಅದರ ತವರು ಅಮೆರಿಕ ಖಂಡಗಳು. ಪಾಪಾಸು ಎಂದರೆ ಚಪ್ಪಲಿ, ಆಕಾರ ನೋಡಿ ಇಟ್ಟ ಹೆಸರು. ನಾವು ಎಲೆ ಅಂದುಕೊಂಡಿರುವ ಆ ಹಸಿರು ಹಲಗೆ ನಿಜವಾಗಿ ಕಾಂಡ. ಎಲೆಗಳೇ ಲಕ್ಷಾಂತರ ವರ್ಷಗಳಲ್ಲಿ ಮುಳ್ಳಾಗಿ ಬದಲಾಗಿವೆ. ಎಲೆ ಅಗಲವಿದ್ದಷ್ಟೂ ನೀರು ಆವಿಯಾಗಿ ಹೋಗುತ್ತದೆ. ಒಣನಾಡಿನಲ್ಲಿ ನೀರು ತುಂಬಿಕೊಂಡು ನಿಂತ ಗಿಡಕ್ಕೆ ಪ್ರಾಣಿಗಳು ಬಾಯಿ ಹಾಕದೆ ಬಿಡುವುದಿಲ್ಲ. ಮುಳ್ಳು ಎರಡಕ್ಕೂ ಉತ್ತರ. ಅಂದರೆ ಕಳ್ಳಿ ತನ್ನ ಬೇಲಿಯನ್ನು ತಾನೇ ಹೊತ್ತು ನಿಂತಿದೆ. ಮುಳ್ಳು ತೆಗೆದರೆ ಬೇಲಿಯ ಖರ್ಚು ನಮ್ಮ ತಲೆಗೆ.

ಇದು ಒಮ್ಮೆ ಆಗಿಹೋದ ಕತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ಪ್ರಸಿದ್ಧ ತಳಿಗಾರ 1907ರ ಹೊತ್ತಿಗೆ ಮುಳ್ಳಿಲ್ಲದ ಕಳ್ಳಿ ಮಾರಾಟಕ್ಕೆ ತಂದರು. ಮರುಭೂಮಿಯೆಲ್ಲ ಮೇವಿನ ತೋಟವಾಗುತ್ತದೆ ಎಂದು ದೊಡ್ಡ ಪ್ರಚಾರ ನಡೆಯಿತು. ನೆಟ್ಟವರಿಗೆ ಆಮೇಲೆ ತಿಳಿಯಿತು, ಬೇಲಿ ಇಲ್ಲದಿದ್ದರೆ ಪ್ರಾಣಿಗಳು ಬಿಡುವುದಿಲ್ಲ, ನೀರು ಕೊಡದಿದ್ದರೆ ಹೇಳಿದಷ್ಟು ಬೆಳೆಯುವುದಿಲ್ಲ ಎಂದು. ಕೆಲವೇ ವರ್ಷಗಳಲ್ಲಿ ಆ ಹುಚ್ಚು ಇಳಿಯಿತು.

‘ನೀರು ಬೇಡ’ ಎಂಬ ಮಾತನ್ನೂ ನೋಡೋಣ. ಬಹುತೇಕ ಗಿಡಗಳು ಹಗಲು ತಮ್ಮ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಆಗಲೇ ನೀರೂ ಹೊರಗೆ ಹೋಗುತ್ತದೆ. ಕಳ್ಳಿ ಹಗಲು ಬಾಗಿಲು ಹಾಕಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲಿನಲ್ಲಿ ಅದರಿಂದ ಆಹಾರ ಮಾಡಿಕೊಳ್ಳುತ್ತದೆ. ಇದೇ ಗುಣ ನಮ್ಮ ಹಿತ್ತಲಿನ ಕಾಡುಬಸಳೆಗೂ ಇದೆ. ಅದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ಬರೆದವರು ಒಂದು ಕಾಲದಲ್ಲಿ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇನ್. ಅದು ಅಚ್ಚಾಗಿದ್ದು 1815ರಲ್ಲಿ.

ಆದರೆ ಬರ ಬಿಗಿಯಾದರೆ ಕಳ್ಳಿ ರಾತ್ರಿಯೂ ಬಾಗಿಲು ತೆರೆಯುವುದಿಲ್ಲ. ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಬದುಕುವುದು ಬೇರೆ, ಮೇವು ಕೊಡುವುದು ಬೇರೆ. ಕಡಿದಂತೆಲ್ಲ ಚಿಗುರಬೇಕಾದರೆ ಮಳೆಯೋ ನೀರೋ, ಗೊಬ್ಬರವೋ ಬೇಕೇ ಬೇಕು.

ಇನ್ನೊಂದು ವಿಷಯವನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ಕೆಂಪು ಬಣ್ಣದ ವ್ಯಾಪಾರದ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ಕಳ್ಳಿಹುಳು ತಂದರು. ತಂದದ್ದು ಬೇರೆ ಜಾತಿ, ಬಣ್ಣ ಕೈಗೂಡಲಿಲ್ಲ. ಹುಳು ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸುತ್ತ ಹೋಯಿತು. ಇನ್ನೊಂದು ಜಾತಿಯ ಕಳ್ಳಿ ಹೊಲ ನುಂಗುತ್ತಿದ್ದಾಗ, 1926ರಲ್ಲಿ ಸಿಲೋನಿನಿಂದ ಮತ್ತೊಂದು ಬಗೆಯ ಹುಳು ತರಿಸಿ ದಕ್ಷಿಣ ಭಾರತದಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿಮೆಳೆಗಳು ಕೊಳೆತು ಬಿದ್ದವು. ಆ ಹುಳು ಇಂದಿಗೂ ನಮ್ಮಲ್ಲಿದೆ. ಬೇಲಿಯ ಪಾಪಾಸುಕಳ್ಳಿಯ ಮೇಲೆ ಹತ್ತಿಯಂತೆ ಬೆಳ್ಳಗೆ ಅಂಟಿರುವುದನ್ನು ಕಡ್ಡಿಯಿಂದ ಒತ್ತಿ ನೋಡಿ, ರಕ್ತದಂಥ ಕೆಂಪು ಬರುತ್ತದೆ.

ಇದೇ ಹುಳು ಮೇವಿನ ಕಳ್ಳಿಯನ್ನೂ ತಿನ್ನುತ್ತದೆ. ಬ್ರೆಜಿಲ್‌ನ ಈಶಾನ್ಯದ ಒಣನಾಡಿನಲ್ಲಿ ದನಗಳಿಗೆ ಕಳ್ಳಿಯೇ ಆಧಾರ. ಅಲ್ಲಿ ಹುಳು ಬಿದ್ದು ತೋಟಕ್ಕೆ ತೋಟವೇ ಹೋಯಿತು. ಹುಳು ತಡೆಯುವ ತಳಿ ಹುಡುಕಿ ಮತ್ತೆ ನೆಡಬೇಕಾಯಿತು. ಮೊರಾಕೊದಲ್ಲೂ 2014ರ ನಂತರ ಇದೇ ಪಾಡು.

ಹಾಗಂತ ನಾನು ಕಳ್ಳಿಯ ವಿರೋಧಿಯಲ್ಲ. ಮೇವೇ ಇಲ್ಲದ ಏಪ್ರಿಲ್‌ನಲ್ಲಿ ಹಸಿ ತುಂಡು ದನದ ಬಾಯಿಗೆ ಬಿದ್ದರೆ ಅದು ಸಣ್ಣ ಮಾತಲ್ಲ. ಆದರೆ ಅದರಲ್ಲಿ ಬಹುಪಾಲು ನೀರೇ, ಸತ್ವ ಕಡಿಮೆ. ಅದನ್ನೊಂದೇ ತಿನ್ನಿಸಿದರೆ ದನ ಉಚ್ಚಿಕೊಳ್ಳುತ್ತದೆ. ಒಣಹುಲ್ಲು, ಸೊಪ್ಪೆಯ ಜೊತೆ ಕತ್ತರಿಸಿ ಬೆರೆಸಿ ಕೊಡಬೇಕು. ಕಳ್ಳಿ ಹುಲ್ಲಿಗೆ ಜೊತೆಗಾರ, ಬದಲಿಯಲ್ಲ.

ಹಾಗಿರುವಾಗ ಹುಲ್ಲು ಬೆಳೆಯುವ ಗೋಮಾಳವನ್ನೇ ಕಳ್ಳಿಗೆ ಕೊಡುವುದು ಯಾವ ಲೆಕ್ಕ? ಕಾಗದದಲ್ಲಿ ಅದು ಪಾಳುಭೂಮಿ. ಮೊದಲ ಮಳೆ ಬಿದ್ದ ಮೇಲೆ ಹೋಗಿ ನೋಡಿ, ಎಷ್ಟು ಬಗೆಯ ಹುಲ್ಲು ಏಳುತ್ತದೆ ಎಂದು. ತಂಗಡಿ, ಕಾರೆ, ಜಾಲಿಯ ನಡುವೆ ಕುರಿ ಮೇಯಿಸಿ ಬದುಕುವವರ ಹೆಸರಿಗೆ ಬೇರೆ ಜಮೀನಿಲ್ಲ. ಕಳ್ಳಿ ನೆಟ್ಟರೆ ಅದನ್ನು ಉಳಿಸಲು ಬೇಲಿ ಹಾಕಲೇಬೇಕು. ಬೇಲಿ ಬಿದ್ದ ದಿನ ಅವರ ಕುರಿ ಹೊರಗೆ.

ಬೀಜದ ಚಿಂತೆಯೂ ಇದೆ. ಮುಳ್ಳಿಲ್ಲದ ಕಳ್ಳಿಯ ಬೀಜದಿಂದ ಹುಟ್ಟಿದ ಸಸಿಗೆ ಮತ್ತೆ ಮುಳ್ಳು ಬರಬಹುದು. ದಕ್ಷಿಣ ಆಫ್ರಿಕಾದಲ್ಲಿ ಹಾಗೆ ಆಗಿ ಕಳ್ಳಿ ಹಬ್ಬಿತು. ಹೊರಗಿನಿಂದ ಬಂದ ಗಿಡ ಹೇಗೆ ಹಬ್ಬುತ್ತದೆ ಎಂದು ಬಳ್ಳಾರಿ ಜಾಲಿ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ಮಾತು ಇಷ್ಟೇ. ಬೇಕಾದವರು ತಮ್ಮ ಹೊಲದ ಬದುವಿನಲ್ಲಿ, ಮನೆಯ ಹತ್ತಿರ ಹತ್ತಿಪ್ಪತ್ತು ಹಲಗೆ ನೆಟ್ಟು ಎರಡು ಬೇಸಿಗೆ ನೋಡಲಿ. ಅದಕ್ಕೆ ಸರ್ಕಾರ ಒಳ್ಳೆಯ ಸಸಿ ಕೊಡಲಿ. ಗೋಮಾಳದ ಮಾತು ಬಂದರೆ ಮೂರು ಪ್ರಶ್ನೆ ಕೇಳಿ: ಈ ತಳಿ ಕಳ್ಳಿಹುಳು ತಡೆಯುತ್ತದೆಯೇ? ಮೊದಲ ವರ್ಷಗಳಲ್ಲಿ ನೀರು ಯಾರು ಕೊಡುತ್ತಾರೆ? ಬೇಲಿ ಹಾಕಿದರೆ ಕುರಿಗಳು ಎಲ್ಲಿ ಮೇಯಬೇಕು?

ಕೇಳಿದ ಪ್ರಶ್ನೆ, ಬಂದ ಉತ್ತರ ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ. ಈ ಸಲ ಅಜ್ಜ ಎದ್ದು ನಿಂತರೆ ನಗಬೇಡಿ. ನಾನೂ ಬರೆದುಕೊಳ್ಳುತ್ತೇನೆ.