ಋತುವಿಲ್ಲದ ವಿಷ

17 ಮಾತ್ರೆಗಳ ಕಿರಿದಾದ ಆವರಣದಲ್ಲಿ ಒಂದು ಋತುವಿನ ಕುರುಹನ್ನಿರಿಸಿ, ಕಂಡುದನ್ನು ಕಂಡಷ್ಟೇ ನುಡಿದು ಸುಮ್ಮನಾಗುವ ಜಪಾನಿನ ಹೈಕುವು ಸಮುದ್ರಮಾಲಿನ್ಯವನ್ನೂ ತನ್ನ ವಸ್ತುವಾಗಿ ಸ್ವೀಕರಿಸಿರುವುದು ಸಹಜವೇ ಸರಿ. ಆದರೆ ಈ ಬಗೆಯ ರಚನೆಗಳಲ್ಲಿ ಹಲವು ಪ್ಲಾಸ್ಟಿಕ್ಕಿನ ಹೆಸರೆತ್ತಿ, ಮಾನವನ ಲೋಭವನ್ನು ಶಪಿಸಿ, ಘೋಷವಾಕ್ಯಗಳಾಗಿ ಮುಗಿಯುವುದಕ್ಕೆ ಕವಿಗಳ ಅಸಾಮರ್ಥ್ಯವೊಂದೇ ಕಾರಣವೆನ್ನಲಾಗದು. ಚೆರ್ರಿ ಹೂವಿಗೆ ವಸಂತವುಂಟು, ಜೀರುಂಡೆಗೆ ಗ್ರೀಷ್ಮವುಂಟು, ಹುಣ್ಣಿಮೆಗೆ ಶರತ್ತುಂಟು. ಋತುಪದಗಳನ್ನು ಕ್ರಮವಾಗಿ ಜೋಡಿಸಿದ ‘ಸೈಜಿಕಿ’ ಕೋಶದಲ್ಲಿ, ವರುಷವಿಡೀ ಅಲೆಯ ಮೇಲೆ ತೇಲುವ ಬಾಟಲಿಯನ್ನು ಯಾವ ಪುಟದಲ್ಲಿರಿಸುವುದು?

ಆದರೂ ಹೈಕುವಿನ ಕಣ್ಣು ಇಲ್ಲಿ ನಿರುಪಯುಕ್ತವೆಂದು ನಾನು ಒಪ್ಪಲಾರೆ. ಕ್ಯೂಶೂ ದ್ವೀಪದ ಮಿನಮಾತದಲ್ಲಿ ಚಿಸ್ಸೋ ಕಂಪನಿಯ ಕಾರ್ಖಾನೆಯು 1932ರಿಂದ 1968ರವರೆಗೆ ಪಾದರಸದ ನೆರವಿನಿಂದ ಅಸಿಟಾಲ್ಡಿಹೈಡನ್ನು ತಯಾರಿಸುತ್ತ, ಅದರಿಂದ ಹುಟ್ಟಿದ ಮಿಥೈಲ್ ಪಾದರಸವನ್ನು ಕಡಲಿಗೆ ಹರಿಯಬಿಟ್ಟಾಗ, ಆ ವಿಷವು ಮೀನು, ಚಿಪ್ಪುಜೀವಿಗಳ ಮೂಲಕ ಬೆಸ್ತರ ಒಡಲನ್ನು ಸೇರಿ ನರಮಂಡಲವನ್ನೇ ಕೆಡಿಸಿತಷ್ಟೆ. ಈ ವ್ಯಾಧಿಯು ಅಧಿಕೃತವಾಗಿ ದಾಖಲಾದುದು 1956ರ ಮೇ 1ರಂದು. ಅದಕ್ಕೆ ಮೊದಲೇ ಕೊಲ್ಲಿಯಲ್ಲಿ ಮೀನುಗಳು ಸತ್ತು ತೇಲಿದ್ದುವು, ಕಾಗೆಗಳು ಹಾರುತ್ತಿದ್ದಂತೆಯೇ ಬಿದ್ದಿದ್ದುವು, ಬೆಸ್ತರ ಮನೆಯ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತಿದ್ದುವು. ವ್ಯಾಖ್ಯಾನವಿಲ್ಲದೆ ಹೇಳಬಹುದಾದ, ಹೇಳಿದೊಡನೆ ಎದೆ ನಡುಗಿಸುವ ಸಂಗತಿಗಳಿವು. ಕೇರಿಯ ಜನರು ಇವನ್ನು ಕಂಡಿದ್ದರು. 1959ರಲ್ಲಿ ಕಂಪನಿಯ ಆಸ್ಪತ್ರೆಯ ವೈದ್ಯರಾದ ಹೊಸೊಕಾವ ಹಾಜಿಮೆಯವರೇ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕೊಂದಕ್ಕೆ ಉಣಿಸಿ ಅದೇ ರೋಗವನ್ನು ಕಂಡರಾದರೂ, ಆ ಫಲಿತಾಂಶವು ಬಹುಕಾಲ ಬೆಳಕಿಗೆ ಬರಲಿಲ್ಲ. ಕಾರಣವನ್ನು ಸರ್ಕಾರವು ಒಪ್ಪಿಕೊಂಡುದು 1968ರ ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆ ಉತ್ಪಾದನೆಯೇ ನಿಂತುಹೋಗಿತ್ತು! (ಆಡಳಿತದ ನಿಧಾನಕ್ಕೂ ಒಂದು ಛಂದಸ್ಸಿರಬೇಕು.)

ಹಾಗೆಂದು ಬೆಕ್ಕಿನ ಕುಣಿತವನ್ನು ಮೂರು ಸಾಲಿನಲ್ಲಿ ಹಿಡಿದರೆ ಕವಿಯ ಹೊಣೆ ತೀರಿತೆ? ಕಂಡುದಕ್ಕೆ ಕಾರಣರು ಯಾರೆಂದು ಹೇಳಲು ಹೈಕುವಿನಲ್ಲಿ ಸ್ಥಳವಿಲ್ಲ. ಬಲವಂತದಿಂದ ಹೇಳಿಸಿದರೆ ಅದು ಹೈಕುವಾಗಿ ಉಳಿಯದು. ರೋಗಿಗಳ ನಡುವೆ ಬಾಳಿದ ಇಶಿಮುರೆ ಮಿಚಿಕೊ ಎಂಬ ಲೇಖಕಿಯು ಇದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. 1969ರಲ್ಲಿ ಪ್ರಕಟವಾದ ‘ಕುಗೈ ಜೋದೋ’ ಎಂಬ ಗದ್ಯಕೃತಿಯಲ್ಲಿ ಆಕೆ ರೋಗಿಗಳ ಮಾತು, ವೈದ್ಯರ ವರದಿ, ಕಡಲಿನ ಬದುಕು ಇವೆಲ್ಲವನ್ನೂ ಒಟ್ಟಿಗೆ ನೇಯ್ದು, ಅಪರಾಧವನ್ನು ಹೆಸರಿಟ್ಟು ಹೇಳಿದರು. ಆಕೆಯ ಹೈಕುಗಳ ಸಂಕಲನವು ಬಂದುದು ಅದಾದ ಬಹುಕಾಲದ ಮೇಲೆ, 1986ರಲ್ಲಿ.