ಮೂರು ಅಕ್ಷರದ ಉಳಿತಾಯಕ್ಕೆ
ಪೈಥಾನ್ ಡಿಕ್ಷನರಿಯ ಕೀಗಳನ್ನೂ ಚುಕ್ಕಿ ಇಟ್ಟೇ ಕರೆಯೋಣ, ಚೌಕ ಬ್ರಾಕೆಟ್ಟಿನ ಕಾಟ ತಪ್ಪುತ್ತದೆ ಎಂಬ ಲೇಖನ ಓದಿದೆ. ಖಂಡಿತ ಒಪ್ಪಲಾರೆ. ಉಳಿಯುವುದು ಬರೀ ಮೂರು ಅಕ್ಷರ.

ಇಂಥದೇ ಕೋಡ್‌ನಲ್ಲಿ ನಾನು ಎರಡು ದಿನ ಒದ್ದಾಡಿದ್ದೇನೆ. ಬಿಲ್ಲಿನ ಡೇಟಾದಲ್ಲಿ ‘ಐಟಮ್ಸ್’ ಎಂಬ ಕೀ ಇತ್ತು. ‘ಬಿಲ್.ಐಟಮ್ಸ್’ ಎಂದು ಬರೆದರೆ ಸಿಕ್ಕಿದ್ದು ಸಾಮಾನಿನ ಪಟ್ಟಿಯಲ್ಲ, ಡಿಕ್ಷನರಿಯದೇ ಮೆಥಡ್! ಚುಕ್ಕಿಯ ಮುಂದಿನ ಹೆಸರನ್ನು ಕೀಯಾಗಿ ಹುಡುಕಿಕೊಡುವ ‘__ಗೆಟ್‌ಆಟ್ರ್__’ಗೆ ಸರದಿ ಬರುವುದು ಆ ಹೆಸರು ಬೇರೆಲ್ಲೂ ಸಿಗದಿದ್ದಾಗ ಮಾತ್ರ. ಮೆಥಡ್ ಎಂದರೆ ‘ಇಫ್’ಗೆ ಯಾವಾಗಲೂ ನಿಜ. ಹಾಗಾಗಿ ಖಾಲಿ ಬಿಲ್ಲುಗಳೆಲ್ಲ ಪಾಸಾದವು, ಒಂದೂ ಎರರ್ ಬರಲಿಲ್ಲ. ‘ಕ್ಲಾಸ್’, ‘ಫ್ರಮ್’ ಎಂಬ ಕೀಗಳಿದ್ದರೆ ಸಿಂಟ್ಯಾಕ್ಸೇ ಕೆಡುತ್ತದೆ; ಅದೇ ವಾಸಿ, ಕೂಡಲೇ ಗೊತ್ತಾಗುತ್ತದೆ.

ಚುಕ್ಕಿಯೇ ಬೇಕು, ಕೀಗಳೂ ಮೊದಲೇ ಗೊತ್ತು ಎನ್ನುವವರಿಗೆ ಪೈಥಾನ್ 3.7ರಿಂದಲೇ ಡೇಟಾಕ್ಲಾಸ್ ಇದೆ. ಹೊರಗಿಂದ ಬರುವ ಜೇಸನ್‌ಗೆ ಬ್ರಾಕೆಟ್ಟೇ ಇರಲಿ.